ಬಾವಿಯ ಸುತ್ತ ಏಳು ಮಡಿ

ಕಟಕೋಳದ ಪರೀಕ್ಷೆಯಲ್ಲಿ ಸೋತದ್ದು ನಿಮ್ಮ ಜೋಳವಲ್ಲ, ಶಿವಲಿಂಗಪ್ಪನವರೇ. ಗೂಟಗಳ ಮೇಲಿನ ಹೆಸರುಗಳೇ ತಪ್ಪಾಗಿದ್ದವು. ಅದು ನನಗೆ ಗೊತ್ತಿತ್ತು — ಬಿತ್ತಿದ ದಿನವೇ ಗೊತ್ತಿತ್ತು.

ಎಪ್ಪತ್ತರ ದಶಕದ ಮಾತು. ನಾನು ಜೋಳದ ಸಂಶೋಧನಾ ಕೇಂದ್ರದಲ್ಲಿ ನಿಮ್ಮ ಕೈಕೆಳಗೆ ಹೊಸದಾಗಿ ಸೇರಿದ ಸಹಾಯಕ, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಸವದತ್ತಿ ಕಡೆಯ ಹೊಲಗಳಲ್ಲಿ ತೆನೆ ತೆನೆ ಆರಿಸಿ, ವರ್ಷಗಟ್ಟಲೆ ಬೆಳೆಸಿ, ನೀವು ಬಿಳಿಜೋಳದ ಒಂದು ತಳಿ ಸಿದ್ಧಮಾಡಿದ್ದಿರಿ. ಬೇರೆ ಆರು ತಳಿಗಳ ಜೊತೆ ಅದನ್ನು ಕಟಕೋಳದ ರೈತ ಹೆಣ್ಣುಮಗಳು ಗಂಗವ್ವನ ಹೊಲದಲ್ಲಿ ಪರೀಕ್ಷೆಗೆ ಇಡಬೇಕಿತ್ತು. ಬಾವಿಯ ಸುತ್ತ ಏಳು ಮಡಿ, ಅಂದರೆ ಬದು ಕಟ್ಟಿದ ಏಳು ತುಂಡು ನೆಲ; ಮಡಿಗೆ ಮೂರೇ ತಳಿ. ಹಂಚುವುದು ಹೇಗೆ ಎಂದು ಕೇಳಿದೆ. ನೀವು ನೆಲದ ಮೇಲೆ ತಳಿಗೊಂದರಂತೆ ಏಳು ಹರಳುಗಳನ್ನು ದುಂಡಗೆ ಇಟ್ಟು, ಒಂದು, ಎರಡು, ನಾಲ್ಕನೆಯದನ್ನು ಮುಟ್ಟಿದಿರಿ. ಇದು ಮೊದಲ ಮಡಿ ಎಂದಿರಿ. ಆಮೇಲೆ ಮೂರೂ ಬೆರಳನ್ನು ಒಂದೊಂದು ಹರಳು ಮುಂದಕ್ಕೆ ಸರಿಸುತ್ತ ಹೋದಿರಿ. ಸುತ್ತು ಮುಗಿಯುವಷ್ಟರಲ್ಲಿ ಯಾವ ಎರಡು ತಳಿಯೇ ಆಗಲಿ, ಒಂದೇ ಒಂದು ಮಡಿಯಲ್ಲಿ ಜೊತೆಯಾಗಿದ್ದವು.

"ಎಲ್ಲಿಂದ ತಿರಗಿಸಿದ್ರೂ ಇದರ ಮಾರಿ ಒಂದ, ತಮ್ಮಾ. ಯಾರ ಕಡೀಗೂ ವಾಲೂದಿಲ್ಲ," ಎಂದಿರಿ. ಎಷ್ಟು ಹೆಮ್ಮೆಯಿಂದ ಹೇಳಿದ್ದಿರಿ! ನಾನು ಅಡಗಿಕೊಂಡದ್ದು ಅದೇ ಮಾತಿನ ಹಿಂದೆ.

ನಕ್ಷೆಯಲ್ಲಿ ಮೊದಲ ಮಡಿ ಬಾವಿಯ ದಕ್ಷಿಣಕ್ಕಿತ್ತು. ಅದರಂತೆಯೇ ನಾನು ತಳಿಗಳ ಹೆಸರು ಬರೆದ ಗೂಟ ಹೊಡೆದಿದ್ದೆ. ಬಿತ್ತನೆಯ ದಿನ ನಿಮಗೆ ಜ್ವರ. ಬೀಜ ಹಾಕಲು ಉಡಿ ಕಟ್ಟಿ ನಿಂತಿದ್ದ ಗಂಗವ್ವ ದಕ್ಷಿಣ ಎಂದದ್ದೇ ತಡ, ತಲೆ ಅಲ್ಲಾಡಿಸಿದಳು. "ಯಮನ ದಿಕ್ಕಿನಿಂದ ಬಿತ್ತಾಂಗಿಲ್ಲಪಾ. ಕೂರಿಗಿ ಪೂಜಿ ಈಶಾನ್ಯದಾಗ ಆಗೇತಿ, ಅಲ್ಲಿಂದನ ಸುರು."

ನಾನೂ ಒಕ್ಕಲು ಮನೆಯವನೇ. ಅವಳು ಹೇಳಿದಂತೆ ಈಶಾನ್ಯದ ಮಡಿಯಿಂದಲೇ ಶುರುಮಾಡಿಸಿದೆ. ಆದರೆ ಬೀಜದ ಚೀಲಗಳನ್ನು ಮಾತ್ರ ಜೋಡಿಸಿಟ್ಟ ಸಾಲಿನಲ್ಲೇ, ಮೊದಲ ಮಡಿಯ ಚೀಲದಿಂದ, ಕೊಡುತ್ತ ಹೋದೆ. ಕೊನೆಯ ಚೀಲ ಬರಿದಾದಾಗ ಗೂಟದ ಕಡೆ ನೋಡಿದೆ. ದಕ್ಷಿಣದ ಮಡಿಯ ಬೀಜ ಈಶಾನ್ಯದಲ್ಲಿ ಬಿದ್ದು, ಇಡೀ ಚಕ್ರ ಸರಿದಿತ್ತು. ಪ್ರತಿ ತಳಿಯೂ ಇನ್ನೊಂದರ ಹೆಸರಿನಲ್ಲಿ ಮಣ್ಣು ಸೇರಿತ್ತು.

ಗೂಟ ಕಿತ್ತು ಬದಲಿಸಿದ್ದರೆ ಮುಗಿಯುತ್ತಿತ್ತು. ಕೈ ಹಾಕುವಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಸಾಹೇಬರ ಜೀಪು ಬಂತು. ಇದಕ್ಕಿಂತ ಸಣ್ಣ ತಪ್ಪಿಗೆ ಅವರು ಒಬ್ಬನನ್ನು ಮನೆಗೆ ಕಳಿಸಿದ್ದನ್ನು ನಾನು ಕಂಡಿದ್ದೆ. "ಎಲ್ಲಾ ನಕ್ಷಾದಾಗ ಇದ್ದಂಗ ಐತೇನು?" ಎಂದರು. "ಐತ್ರೀ" ಎಂದೆ. ನಾಳೆ ಸರಿಮಾಡೋಣ, ನಾಡಿದ್ದು ಸರಿಮಾಡೋಣ — ಅಷ್ಟರಲ್ಲಿ ಮೊಳಕೆ ಬಂತು. ಆಮೇಲೆ ಗೂಟ ಮುಟ್ಟಲಿಕ್ಕೇ ಭಯವಾಯಿತು.

ಇಳುವರಿಯ ಲೆಕ್ಕದಲ್ಲಿ ಸಿಕ್ಕಿಬೀಳುತ್ತೇನೆ ಎಂದುಕೊಂಡಿದ್ದೆ. ಸಿಕ್ಕಿಬೀಳಲಿಲ್ಲ. ನಿಮ್ಮ ಚಕ್ರ ಎಲ್ಲಿಂದ ತಿರುಗಿಸಿದರೂ ಒಂದೇ ಅಲ್ಲವೇ? ಒಂದು ತಳಿಗೆ ಬಿದ್ದ ತಪ್ಪು ಹೆಸರು ಅದರ ಮೂರೂ ಮಡಿಗಳಲ್ಲಿ ಅದೇ ತಪ್ಪು ಹೆಸರು. ಮೂರೂ ಒಂದಕ್ಕೊಂದು ಸಾಕ್ಷಿ ನುಡಿದವು.

ಸುಗ್ಗಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ, ಗೂಟದಲ್ಲಿ ಬೇರೆ ತಳಿಯ ಹೆಸರಿದ್ದ ಸಾಲಿನ ಒಂದು ತೆನೆ ಹಿಡಿದು ನೀವು ಬಹಳ ಹೊತ್ತು ನಿಂತಿರಿ. "ಇದು ನನ್ನ ತೆನಿ ಕಂಡಂಗ ಕಾಣತೈತಿ. ಗೂಟ ಬರೋಬ್ಬರಿ ಅದಾವೇನ, ತಮ್ಮಾ?"

"ಅದಾವ್ರೀ."

"ಹಂಗಾರ ನನ್ನ ಕಣ್ಣ ಕೆಟ್ಟಾವ." ನಕ್ಕಿರಿ. ನನ್ನ ಮೇಲೆ ಒಂದಿಷ್ಟೂ ಸಂಶಯಪಡಲಿಲ್ಲ. ಆ ನಗು ಇವತ್ತಿಗೂ ನನ್ನನ್ನು ಹೆದರಿಸುತ್ತದೆ. ದಾಖಲೆಯಲ್ಲಿ ನಿಮ್ಮ ತಳಿ ಸೋತಿತು; ಮರುವರ್ಷ ನೀವು ಉಗ್ರಾಣದ ಕೆಲಸ ಕೇಳಿ ಪಡೆದಿರಿ. ಮತ್ತೆ ತೆನೆ ಆರಿಸಲು ಹೊಲಕ್ಕೆ ಇಳಿಯಲಿಲ್ಲ.

ಇಷ್ಟೇ ಆಗಿದ್ದರೆ — ಇಲ್ಲ, ಇನ್ನೂ ಇದೆ. ಕಿತ್ತೂರಿನ ನಿಮ್ಮ ಮನೆಗೆ ಊಟಕ್ಕೆ ಕರೆದಿರಿ. ಮೂಲೆಯಲ್ಲಿ ಆ ತಳಿಯ ಉಳಿದ ಬೀಜವೆಲ್ಲ ಒಂದು ಚೀಲದಲ್ಲಿತ್ತು. "ಬಿತ್ತಾಕ ಆಗಲಿಲ್ಲ, ಹೊಟ್ಟಿಗರ ಆಗಲಿ. ಗಿರಣಿಗೆ ಹಾಕಿಸ್ಕೊಂಡ ಬಾ," ಎಂದು ನನ್ನ ಹೆಗಲಿಗೇ ಏರಿಸಿದಿರಿ.

ಗಿರಣಿಯ ಬಾಯಿಗೆ ಸುರಿಯುವಾಗ ಒಂದು ಹಿಡಿ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಕೈ ಚೀಲದೊಳಗೆ ಹೋಗಿಯೂ ಇತ್ತು. ಎಂದಾದರೂ ಮೊಳೆತು ನನ್ನ ಸುಳ್ಳನ್ನು ಹೊರಗೆ ಹಾಕೀತು ಎಂದು ಹೆದರಿ ಮುಷ್ಟಿ ಬಿಚ್ಚಿದೆ. ಚೀಲ ಜಾಡಿಸಿದೆ. ಆ ಹಿಟ್ಟಿನ ರೊಟ್ಟಿಯನ್ನು ನಿಮ್ಮ ಪಕ್ಕದಲ್ಲಿ ಕೂತು ತಿಂದೆ. ನಿಮ್ಮ ಮನೆಯವರು ಇನ್ನೊಂದು ಹಾಕಿದರು, ಅದನ್ನೂ ತಿಂದೆ.

ಈಗ ನಿಮಗೆ ಕಣ್ಣು ಮಂಜಾಗಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಕಿತ್ತೂರಿಗೆ ಬರುತ್ತೇನೆ. ಈ ಬರೆದದ್ದನ್ನೆಲ್ಲ ನಿಮ್ಮೆದುರು ನಾನೇ ಓದಬೇಕು. ದನಿ ಅರ್ಧಕ್ಕೇ ನಿಂತರೂ ಒಂದು ಮಾತನ್ನಾದರೂ ಹೇಳಿಯೇ ತೀರುತ್ತೇನೆ: ಅವತ್ತು ನೀವು ಹಿಡಿದು ನಿಂತಿದ್ದ ತೆನೆ ನಿಮ್ಮದೇ.