ಅಕ್ಕನ ಭಿನ್ನರಾಶಿ ಪಾಠ

ಮೊನ್ನೆ ಅಕ್ಕನ ಮಗಳು ನಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಸಿ.ಡಿ. ಒಂದನ್ನು ಹುಡುಕಿ, ಅದರಲ್ಲಿದ್ದುದನ್ನು ಫೋನಿಗೆ ಹಾಕಿಸಿಕೊಂಡು ಬಂದಳು. ಅದರಲ್ಲಿ ತೀರಿಹೋದ ಅವಳ ತಾಯಿಯ ದನಿಯಿದೆ. ಅದನ್ನು ರೆಕಾರ್ಡ್ ಮಾಡಿದವನು ನಾನೇ. ಅದರ ಹಿಂದಿನ ದಿನ ನಾನು ಅಕ್ಕನ ತರಗತಿಯಲ್ಲಿ ಮಕ್ಕಳ ಹಿಂದೆ ಕೂತಿದ್ದೆ. ಆ ದಿನದಿಂದಲೇ ಹೇಳುತ್ತೇನೆ.

ಅಕ್ಕ ಉಜ್ಜಿನಿ ಕಡೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಅಂದು ಭಿನ್ನರಾಶಿ. ತನ್ನ ಬುತ್ತಿ ಬಿಚ್ಚಿ ಜೋಳದ ರೊಟ್ಟಿಯೊಂದನ್ನು ಎತ್ತಿ ಹಿಡಿದಳು.

"ಇದು ಒಂದು. ಮುರದ್ರ?"

"ಅರ್ಧ!"

"ಅರ್ಧಾನ ಮತ್ತ ಮುರದ್ರ?"

"ಕಾಲು!"

"ಕಾಲು ರೊಟ್ಟಿ ತಿಂದ್ರ ಹಸಿವಿ ಎಷ್ಟು ಉಳೀತೈತಿ?"

ಮುಂದೆ ಕೂತ ಹುಡುಗಿಯೊಬ್ಬಳು ಯೋಚಿಸಿ, "ಎಲ್ಲಾ ಉಳೀತೈತ್ರಿ ಟೀಚರ್" ಎಂದಳು. ಅಕ್ಕ ನಕ್ಕು ಮುಕ್ಕಾಲು ರೊಟ್ಟಿಯನ್ನು ಅವಳ ಕೈಗಿಟ್ಟಳು. ಮುಕ್ಕಾಲು ಎಂದರೇನೆಂದು ಆ ಹುಡುಗಿಗೆ ಮತ್ತೆ ಹೇಳಬೇಕಾಗಲಿಲ್ಲ.

ಆಗ ನಾನು ಕೊಟ್ಟೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದೆ. ದಾವಣಗೆರೆಯಲ್ಲಿ ಆರು ತಿಂಗಳು ಕಲಿತವನ ಗತ್ತು ನನ್ನದು. ಎರಡು ಕಂಪ್ಯೂಟರುಗಳಲ್ಲಿ ಒಂದು ಸದಾ ರಿಪೇರಿಯಲ್ಲಿರುತ್ತಿತ್ತು. ಫೋನ್ ಲೈನ್ ಸರಿಯಿದ್ದ ದಿನ ಮಾತ್ರ ಇಂಟರ್ನೆಟ್. ಆದರೂ ಜಗತ್ತು ನನ್ನ ಬಾಗಿಲಿಗೆ ಬಂದಿದೆ ಎಂದು ನಂಬಿದ್ದೆ, ನಗಬೇಡಿ. ಒಳ್ಳೆಯ ಟೀಚರುಗಳ ಪಾಠಗಳನ್ನು ಇಂಟರ್ನೆಟ್ಟಿಗೆ ಹಾಕುತ್ತೇವೆ, ಧ್ವನಿ ಕಳಿಸಿ ಎಂದು ಬೆಂಗಳೂರಿನ ಸಂಸ್ಥೆಯೊಂದು ಕೇಳಿತ್ತು. 'ಕನ್ನಡ ಸ್ಪಷ್ಟವಾಗಿರಲಿ' ಎಂದಿತ್ತು, ಅಷ್ಟೇ. ಉಳಿದದ್ದೆಲ್ಲ ನನ್ನ ಬುದ್ಧಿ. ರೊಟ್ಟಿ ಪಾಠದ ಮರುದಿನವೇ ಅಕ್ಕನನ್ನು ಸೆಂಟರಿಗೆ ಕರೆತಂದು ಮೈಕಿನ ಮುಂದೆ ಕೂರಿಸಿದೆ.

"ರೊಟ್ಟಿ ಬ್ಯಾಡಕ್ಕ. ದೂರದೂರಿನ ಹುಡುಗ್ರು ಕೇಳ್ತಾವ. ಕೇಕ್ ಅನ್ನು."

"ನಾನು ಕೇಕ್ ತಿಂದಿದ್ದು ಒಂದಾ ಸಲ, ನಿನ್ನ ಅಂಗಡಿ ಸುರು ಆದಾಗ. ಅದ್ರಾಗೂ ನನಗ ಬಂದಿದ್ದು ಮ್ಯಾಲಿನ ಹೂವು ಅಷ್ಟ."

"ಮತ್ತ ಐತಿ, ಬರ್ತೈತಿ ಅನ್ನಬ್ಯಾಡ. ಪುಸ್ತಕದಾಗ ಇದ್ದಂಗ ಮಾತಾಡು."

"ಯಾಕಲೇ, ನಮ್ಮ ಮಾತಿಗೆ ಏನಾಗೈತಿ?"

"ನಾಕು ಮಂದಿ ಕೇಳ್ತಾರ, ಅದಕ್ಕ."

"ಆಯ್ತಪ್ಪ ಸಾಹೇಬ."

ಅವಳು ತಪ್ಪಿದಾಗಲೆಲ್ಲ ನಿಲ್ಲಿಸಿದೆ. ಏಳನೆಯ ಸಲ ಒಂದೂ ತಪ್ಪಿರಲಿಲ್ಲ. ನಗುವೂ ಇರಲಿಲ್ಲ. ನನಗೆ ಭಾರೀ ಖುಷಿಯಾಯಿತು.

ಕೆಲವು ತಿಂಗಳ ಮೇಲೆ, ಪಾಠವನ್ನು ಇಂಟರ್ನೆಟ್ಟಿನಲ್ಲಿ ಕೇಳಿದ ಕೋಲಾರದ ಕಡೆಯ ಮೇಷ್ಟ್ರೊಬ್ಬರು ನನ್ನ ಸೆಂಟರಿಗೆ ಇ-ಮೇಲ್ ಬರೆದರು: 'ಪಾಠ ಚೆನ್ನಾಗಿದೆ ಮೇಡಂ. ನಮ್ಮ ಮಕ್ಕಳು ಕೇಕ್ ಕಂಡವರಲ್ಲ. ಮುದ್ದೆ ಮುರಿದು ತೋರಿಸಿದೆ, ಥಟ್ಟನೆ ತಿಳಿಯಿತು.' ಓದಿ ಹೇಳಿದೆ. ಅಕ್ಕ ನನ್ನ ಬೆನ್ನಿಗೊಂದು ಗುದ್ದಿ ಬಿದ್ದು ಬಿದ್ದು ನಕ್ಕಳು.

"ಅವ್ರಿಗೆ ಮುದ್ದಿ, ನಮಗ ರೊಟ್ಟಿ. ಯಾರಿಗಲೇ ನಿನ್ನ ಕೇಕು? ಮುಂದಿನ ಪಾಠ ನನ್ನಂಗ ಹೇಳ್ತೀನಿ. ನೀ ಬಾಯಿ ಮುಚ್ಕೊಂಡು ಕುಂದ್ರಬೇಕು."

ಒಪ್ಪಿದೆ. ಬೇಸಿಗೆ ರಜೆಯಲ್ಲಿ ಎಂದುಕೊಂಡೆವು. ಆ ಬೇಸಿಗೆಯಲ್ಲೇ ಅವಳಿಗೆ ಕಾಮಾಲೆಯಾಯಿತು. ಹದಿನೈದು ದಿನಕ್ಕೆ ಹೋಗಿಬಿಟ್ಟಳು. ಮಗಳಿಗಿನ್ನೂ ಮೂರು ತುಂಬಿರಲಿಲ್ಲ.

ಇಂಟರ್ನೆಟ್ಟನ್ನು ನಾನು ದೂರುವುದಿಲ್ಲ. ಕಾಣದ ಊರಿನ ಮಕ್ಕಳು ನನ್ನ ಅಕ್ಕನಿಂದ ಕಲಿತರು, ಅದು ಸಣ್ಣದಲ್ಲ. ನಮ್ಮ ಮಾತು ಬೇಡವೆಂದು ಅಲ್ಲಿಂದ ಯಾರೂ ಹೇಳಿರಲಿಲ್ಲ. ನಾಚಿಕೊಂಡವನು ನಾನು.

ಮೊನ್ನೆ ಅಕ್ಕನ ಮಗಳು ಆ ಪಾಠವನ್ನು ಎರಡು ಸಲ ಕೇಳಿದಳು. ಅವಳೂ ಈಗ ಟೀಚರಾಗಲು ಓದುತ್ತಿದ್ದಾಳೆ.

"ಅವ್ವ ಮನ್ಯಾಗೂ ಹಿಂಗಾ ಮಾತಾಡ್ತಿದ್ಲನ ಮಾಮ?"

"ಇಲ್ಲವ್ವ."

"ಮತ್ತ ಹೆಂಗ? ನನ್ನ ಹೆಂಗ ಕರೀತಿದ್ಲು? ಒಂದೀಟು ಮಾಡಿ ತೋರ್ಸು."

ಪ್ರಯತ್ನಿಸಿದೆ. ನನ್ನ ದನಿಯೇ ಬಂತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು.

ಈಗ ನನ್ನ ಸೆಂಟರಿಗೆ ಮಕ್ಕಳು ಏನಾದರೂ ರೆಕಾರ್ಡ್ ಮಾಡಲು ಬಂದರೆ ನಾನು ತಿದ್ದುವುದಿಲ್ಲ, ಹೊರಗೆ ಹೋಗಿ ನಿಲ್ಲುತ್ತೇನೆ. ಆದರೆ ಅಕ್ಕ ಮಗಳನ್ನು ಕರೆಯುತ್ತಿದ್ದ ದನಿ ಎಲ್ಲೂ ಇಲ್ಲ.