ಅಡಿಕೆ ತಟ್ಟಿಯ ಮೇಲೆ ಸಪೋಟ

ಹಣ್ಣು ಹಂಚುವುದು ಪುಣ್ಯದ ಕೆಲಸವೆಂದು ನಂಬಿದ್ದೆ. ಈ ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಚೀಲ ಕಂಡರೆ ಸಾಕು, ಸಂತೇಬೆನ್ನೂರಿನ ನಮ್ಮ ಬೀದಿಯವರು ಬಾಗಿಲು ಮುಂದಕ್ಕೆ ಮಾಡತೊಡಗಿದರು. ತಪ್ಪು ಅವರದಲ್ಲ. ಏಳು ವರ್ಷ ಸುಮ್ಮನಿದ್ದ ಹಿತ್ತಲಿನ ಸಪೋಟ ಮರ ಒಂದೇ ಸಲ ಮೈತುಂಬ ಬಿಟ್ಟಿತ್ತು. ಆ ಹಣ್ಣಿಗೋ ತಾಳ್ಮೆಯೇ ಇಲ್ಲ. ಬೆಳಿಗ್ಗೆ ಕಲ್ಲು, ಸಂಜೆಗೆ ಲೇಹ್ಯ.

ಮರ ನನ್ನ ಹೆಂಡತಿ ಗಿರಿಜೆಯದು. ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಸಾಕಿದವಳು. ಒಂದು ಹಣ್ಣು ಕೊಳೆತರೂ ಅವಳಿಗೆ ಅಂದು ಊಟ ಸೇರದು. ಒಣಗಿಸಿಟ್ಟರೆ ಮಳೆಗಾಲಕ್ಕೂ ಆಗುತ್ತದೆಂದು ಬುಟ್ಟಿಗಟ್ಟಲೆ ಸಿಪ್ಪೆ ತೆಗೆದು ಹೆಚ್ಚಿದಳು. ಅಷ್ಟರಲ್ಲಿ ಬಸವಾಪಟ್ಟಣದಿಂದ ಅವಳ ತಂಗಿಗೆ ಹೆರಿಗೆಯಾದ ಸುದ್ದಿ ಬಂತು.

"ರೀ, ಹಳೇ ಪಂಚೆ ಮೇಲೆ ಹರವ್ರಿ. ದಿನಕ್ಕೆರಡು ಸಲ ತಿರುವಿ ಹಾಕ್ರಿ. ಇಷ್ಟು ಮಾಡಾಕೆ ಬರ್ತೈತಲ್ಲ?" ಎಂದು ಹೇಳಿ ಬಸ್ಸು ಹತ್ತಿದಳು.

ಬರದೆ ಏನು! ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಪಂಚೆಯಾದರೆ ಕೆಳಗಿನಿಂದ ಗಾಳಿಯಾಡದು ಎಂದು ಹೊಳೆಯಿತು. ಪಕ್ಕದ ಮನೆಯವರು ಅಡಿಕೆ ಒಣಗಿಸುವ ಬಿದಿರಿನ ತಟ್ಟಿಗಳು ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತವೆ. ನಾಲ್ಕು ತಂದೆ. ನಮ್ಮ ಕಡೆ ಒಣಗಿಸುವುದೆಂದರೆ ತಟ್ಟಿಯೇ ಅಲ್ಲವೇ? ಆದರೆ ಅದು ಅಡಿಕೆ ಬೇಯಿಸಿದ ಕೆಂಪು ರಸವನ್ನು, ಆ ಚೊಗರನ್ನು, ವರ್ಷವರ್ಷವೂ ಕುಡಿದ ಬಿದಿರು. ಹಸಿ ಹಣ್ಣು ತಾಕಿದ್ದೇ ತಡ, ಕುಡಿದದ್ದನ್ನೆಲ್ಲ ಕಕ್ಕಿತು. ನಾಲ್ಕನೇ ದಿನ ಹೋಳುಗಳು ಕೆಂಪಗೆ, ಥೇಟ್ ಅಡಿಕೆ. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆ ದಪ್ಪಗಾಗುವಷ್ಟು ಒಗರು.

ಗಿರಿಜೆ ಬಂದು ಒಂದು ಹೋಳು ತಿಂದಳು. ಬೈಯಲಿಲ್ಲ. ಮರದ ಕಡೆ ನೋಡುತ್ತಾ ನಿಂತಳು. ಬೈದಿದ್ದರೇ ಚೆನ್ನಾಗಿತ್ತು, ನನಗೆ ನಿಜಕ್ಕೂ ಸಂಕಟವಾಯಿತು.

ಬಿಸಾಡಲು ಮನಸ್ಸು ಬಾರದೆ ಡಬ್ಬಿಗೆ ತುಂಬಿಟ್ಟೆ. ವಾರದ ಮೇಲೆ ಬಿಳಿಚೋಡಿನಿಂದ ನನ್ನ ಅಕ್ಕ ಬಂದಳು. ಡಾಕ್ಟರು ಎಲೆಅಡಿಕೆ ಬಿಡಿಸಿದಂದಿನಿಂದ ಅವಳಿಗೆ ಲೋಕದ ಮೇಲೇ ಮುನಿಸು. ಊಟವಾದ ಮೇಲೆ ಬಾಯಾಡಿಸಲು ಏನೂ ಸಿಗದೆ ಡಬ್ಬಿ ತೆರೆದಳು. ಒಂದು ಹೋಳು, ಇನ್ನೊಂದು, ಮತ್ತೊಂದು; ಕಣ್ಣು ಮುಚ್ಚಿ ಜಗಿದಳು.

"ಗಿರಿಜಾ, ಇದನ್ನ ಹೆಂಗೆ ಮಾಡಿದೆಯವ್ವಾ? ಬಾಯಿಗೆ ಜೀವ ಬಂತು ನೋಡು! ಡಾಕ್ಟ್ರು ಅಡಿಕೆ ಬ್ಯಾಡ ಅಂದಾರೆ, ಸಪೋಟ ಬ್ಯಾಡ ಅಂದಿಲ್ಲ. ಇನ್ನೂ ಐತೇನು?"

ಗಿರಿಜೆ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಅವಳಿಗೆ ತಡೆಯಲಾರದ ನಗು ಬಂತು. "ನಾನಲ್ಲ ಅತ್ತಿಗೆ, ನಿಮ್ಮ ತಮ್ಮನ ಕೈಗುಣ," ಎಂದಳು. ಅಕ್ಕ ಹೊರಟಾಗ ಡಬ್ಬಿಯೂ ಹೊರಟಿತು.

ಈಗ ಎರಡನೇ ಸುತ್ತಿನ ಹಣ್ಣು ಮಾಳಿಗೆಯ ಮೇಲೆ ಒಣಗುತ್ತಿದೆ, ಪಂಚೆಯಲ್ಲಿ. ಪಂಚೆ ನನ್ನದೇ, ನಾನು ಮುಟ್ಟುವ ಹಾಗಿಲ್ಲ. ಆದರೆ ಮೂಲೆಯಲ್ಲಿ ಒಂದು ತಟ್ಟಿಯೂ ಇದೆ. ಪಕ್ಕದ ಮನೆಯಿಂದ ಗಿರಿಜೆಯೇ ಕೇಳಿ ತಂದು, ತನ್ನ ಮರದ ಹಣ್ಣನ್ನು ತಾನೇ ಹರವಿ, "ಇದು ನಿಮ್ದು" ಎಂದಿದ್ದಾಳೆ. ದಿನಕ್ಕೆರಡು ಸಲ, ತಪ್ಪದೆ, ತಿರುವಿ ಹಾಕುತ್ತಿದ್ದೇನೆ.