ಅಳತೆ ಲಗತ್ತಿಸಿಲ್ಲ

ಕೋವಿಡ್ ಗದ್ದಲ ಅಡಗಿದ ಮೇಲಿನ ಮಾತಿದು. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ರಾಜಾಜಿನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಟ್ರಸ್ಟ್‌ನಲ್ಲಿ ನಾನು ಗ್ರಾಂಟ್ಸ್ ಆಫೀಸರ್ ಆಗಿದ್ದೆ. ಗ್ರಾಂಟ್ ಎಂದರೆ ಸಾಲವಲ್ಲ, ಹಿಂದಿರುಗಿಸಬೇಕಿಲ್ಲದ ನೆರವು. ಬೀದಿಯವರೇ ಕೂಡಿ ತಮ್ಮ ಬೀದಿಗೊಂದು ಒಳ್ಳೆಯದು ಮಾಡಿಕೊಳ್ಳಬೇಕು, ಅದರಲ್ಲಿ ಒಂದಿಷ್ಟು ವಿನ್ಯಾಸ, ಒಂದಿಷ್ಟು ಕಲೆ ಇರಬೇಕು, ಪರಿಸರಕ್ಕೆ ಹೊರೆಯಾಗಬಾರದು. ಷರತ್ತು ಇಷ್ಟೇ. ಅರ್ಜಿ ನಮೂನೆಯನ್ನು ಕನ್ನಡಕ್ಕೆ ತಂದವಳು ನಾನು. ಆ ಬಗ್ಗೆ ನನಗೆ ಎಲ್ಲಿಲ್ಲದ ಜಂಬ. ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ವಾಪಸ್. ಸಹೋದ್ಯೋಗಿಗಳು ಬೆನ್ನ ಹಿಂದೆ ನನ್ನನ್ನು ‘ಕಾಲಂ ಮೇಡಂ’ ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಆಗ ಕಾಮಾಕ್ಷಿಪಾಳ್ಯದ ಒಂದು ಓಣಿಯಿಂದ ಅರ್ಜಿ ಬಂತು. ಅಲ್ಲಿನ ಹೆಂಗಸರು ಗಾರ್ಮೆಂಟ್ಸ್‌ನಿಂದ ಬಂದ ಅಂಗಿಗಳಿಗೆ ಗುಂಡಿ ಹಾಕಿ, ಉಳಿದ ದಾರ ಕತ್ತರಿಸಿ ಕೊಡುವವರು. ಅರ್ಜಿಗೆ ಸಹಿ ಹಾಕಿದ್ದ ಸರೋಜಮ್ಮ ಟೈಲರ್. ಓಣಿಯ ಮೇಲೆ ಉದ್ದಕ್ಕೂ ಬಟ್ಟೆಯ ಚಪ್ಪರ ಬೇಕು, ಕಾರ್ಖಾನೆಯಲ್ಲಿ ಎಸೆಯುವ ತುಂಡುಬಟ್ಟೆಯಲ್ಲಿ ತಾವೇ ಹೊಲಿಯುತ್ತೇವೆ ಎಂದು ಬರೆದಿದ್ದರು. ‘ಜಾಗದ ಅಳತೆ ಲಗತ್ತಿಸಿ’ ಎಂಬ ಕಾಲಂನಲ್ಲಿ ‘ಲಗತ್ತಿಸಿದೆ’ ಎಂದಿತ್ತು. ನನಗೆ ಬೇಕಿದ್ದದ್ದು ಸೈಟ್ ಪ್ಲಾನ್, ಅಂದರೆ ಉದ್ದ ಅಗಲ ನಮೂದಿಸಿದ ನಕ್ಷೆ. ಹಾಳೆ ಮಗುಚಿ ನೋಡಿದೆ, ಎಲ್ಲೂ ಇಲ್ಲ. ಕೆಂಪು ಪೆನ್ನಿನಲ್ಲಿ ‘ಅಳತೆ ಲಗತ್ತಿಸಿಲ್ಲ’ ಎಂದು ಗೀಚಿ ವಾಪಸ್ ಕಳಿಸಿದೆ. ಅದೇ ದಿನ ಬಾಗಿಲ ಬಳಿ ಹಳೇ ಸೀರೆಗಳ ಮೂಟೆಯೊಂದು ಬಿದ್ದಿತ್ತು. ಯಾರೋ ದಾನಕ್ಕೆ ಕೊಟ್ಟಿರಬೇಕೆಂದು ಮೆಟ್ಟಿಲ ಕೆಳಗೆ ಹಾಕಿಸಿದ್ದೆ.

ಮೂರನೇ ದಿನ ಸರೋಜಮ್ಮ ಬಂದರು. ಕುತ್ತಿಗೆಯಲ್ಲಿ ಇಂಚ್ ಟೇಪ್ ಹಾಗೇ ನೇತಾಡುತ್ತಿತ್ತು.

“ಅಳತೆ ಕೊಟ್ಟಿದೀವಲ್ಲ ಮೇಡಂ, ಮೂಟೇಲಿ?”

“ಅದು ಹಳೇ ಬಟ್ಟೆ ಅಲ್ವೇನಮ್ಮ?”

“ಅಯ್ಯೋ! ಬ್ಲೌಸ್ ಹೊಲಿಸೋಕೆ ಹೋದಾಗ ನೀವೇನು ಕೊಡ್ತೀರಾ? ಅಳತೆ ಬ್ಲೌಸ್ ತಾನೇ? ಓಣಿಗೂ ಅಂಗೇಯ. ಮನೆಗೊಂದು ಸೀರೆ ಕೊಟ್ರು, ಜೋಡಿಸಿ ಅಳತೆ ಚಪ್ಪರ ಹೊಲಿದು ಕೊಟ್ವಿ.”

ಮೂವತ್ತು ವರ್ಷದಿಂದ ಟೈಲರ್‌ಗೆ ಅಳತೆ ಬ್ಲೌಸ್ ಕೊಟ್ಟು ಬಂದವಳು ನಾನು!

“ನಮ್ಮಮ್ಮಂಗೋಸ್ಕರ ಕೇಳ್ತಿರೋದು ಮೇಡಂ,” ಎಂದರು ಸರೋಜಮ್ಮ, ದನಿ ತಗ್ಗಿಸಿ. ತಾಯಿ ಕೆಂಪಮ್ಮನಿಗೆ ಎಪ್ಪತ್ತು ದಾಟಿತ್ತು. ಶೀಟಿನ ಮನೆ ಒಳಗೆ ಕಾವಲಿಯಂತೆ ಕಾಯುತ್ತದೆ, ಹೊರಗೆ ಜಗಲಿಯ ಮೇಲೆ ನೆತ್ತಿಗೆ ಬಿಸಿಲು. ಹೋದ ಬೇಸಿಗೆಯಲ್ಲಿ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದರು. “ಇನ್ನೊಂದು ಬೇಸ್ಗೆ ಹಿಂಗೇ ಆದ್ರೆ ಕಷ್ಟ ಅಂದವ್ರೆ ಡಾಕ್ಟ್ರು. ಬೇರೆ ಮನೆ ನಮ್ಮ ಕೈಲಾಗಲ್ಲ.”

ಮಾರನೆಯ ದಿನ ಮಧ್ಯಾಹ್ನ ಮೂಟೆಯನ್ನು ಆಟೋದಲ್ಲಿ ಹಾಕಿಕೊಂಡು ಹೋದೆ. ಹೆಂಗಸರು ಏಣಿ ಹತ್ತಿ, ಮಹಡಿಯಿಂದ ಮಹಡಿಗೆ ಹಗ್ಗ ಎಳೆದು, ಸೀರೆಗಳನ್ನು ಮೆಲ್ಲನೆ ಮೇಲಕ್ಕೆತ್ತಿದರು. ಬಿಸಿಲು ಸೋಸಿ ಇಳಿಯಿತು. ಒಂದೇ ಗಳಿಗೆಯಲ್ಲಿ ಓಣಿ ಬೇರೆಯದೇ ಆಯಿತು. ಹಳದಿ ನೆಲದಲ್ಲಿ ಬರುತ್ತಿದ್ದ ಬೆಕ್ಕು ಹಸಿರಿಗೆ ಕಾಲಿಟ್ಟು, ನೇರಳೆಯನ್ನು ದಾಟಿ, ಯಾರದೋ ಹೊಸಿಲಲ್ಲಿ ಮಾಯವಾಯಿತು. ಬಿಂದಿಗೆಯ ನೀರು ಗುಲಾಬಿಯಾಗಿತ್ತು. ಮಾಗಡಿ ರಸ್ತೆಯ ಬಸ್ಸುಗಳ ಹಾರನ್ ಎಲ್ಲೋ ದೂರದ ಊರಿನದೆಂಬಂತೆ ಕೇಳುತ್ತಿತ್ತು. ನಾನು ಎಷ್ಟು ಹೊತ್ತು ತಲೆಯೆತ್ತಿ ನಿಂತಿದ್ದೆನೋ ಗೊತ್ತಿಲ್ಲ. ಬಂದ ಕೆಲಸ ಮರೆತೇಹೋಗಿತ್ತು.

ನೆನಪಾದ ಮೇಲೆ ಅಳತೆ ನೋಡಿದೆ. ಲೈಟು ಕಂಬದ ಸುತ್ತ ಬ್ಲೌಸಿನ ಕತ್ತಿನಂತೆ ದುಂಡಗೆ ಕತ್ತರಿಸಿ ಪಟ್ಟಿ ಹೊಲಿದಿದ್ದರು. ಹೊಂಗೆಯ ಕೊಂಬೆಗೆ ತೋಳಿನ ಹಾಗೆ ಸಂದು ಬಿಟ್ಟಿದ್ದರು. ನಡುವೆ ಒಂದು ಕಡೆ ಹೊಲಿಗೆಯೇ ಇಲ್ಲ, ಸಾಲಾಗಿ ಹುಕ್ಕು.

“ಇಲ್ಲಿ ಯಾಕೆ ಹುಕ್ಕು?” ಎಂದೆ.

ಜಗಲಿಯ ಮೇಲಿದ್ದ ಕೆಂಪಮ್ಮ ನಕ್ಕರು. “ಮದ್ವೆ ಶಾಮಿಯಾನ ಬಂದ್ರೆ ಬಿಚ್ಬೇಕಲ್ಲವ್ವಾ. ನಾನು ಹೋದ್ರೂ ಬಿಚ್ಬೇಕು.”

“ಸುಮ್ನಿರಮ್ಮ ನೀನು!” ಎಂದು ಮಗಳು ಗದರಿದರು.

ನಮ್ಮ ಆಯ್ಕೆ ಸಮಿತಿ “ಸೈಟ್ ಪ್ಲಾನ್ ಎಲ್ಲಿ?” ಎಂದಾಗ ಓಣಿಯಿಂದ ವಾಪಸ್ ತಂದಿದ್ದ ಮೂಟೆಯನ್ನೇ ಮೇಜಿನ ಮೇಲಿಟ್ಟೆ. ಒಬ್ಬರು ನಕ್ಕರು. ತಪ್ಪು ಓದಿದವಳು ನಾನು, ಅವರು ಬರೆದದ್ದು ಸರಿಯಾಗಿಯೇ ಇದೆ ಎಂದು ಎಲ್ಲರೆದುರು ಒಪ್ಪಿಕೊಂಡೆ. ಗ್ರಾಂಟ್ ಮಂಜೂರಾಯಿತು. ಯುಗಾದಿಗೆ ಮುಂಚೆಯೇ ತುಂಡುಬಟ್ಟೆಯ ಚಪ್ಪರ ಏರಿತು, ಅಳತೆಯ ಸೀರೆಗಳು ಹೊಲಿಗೆ ಬಿಚ್ಚಿಸಿಕೊಂಡು ಅವರವರ ಮನೆಗೆ ಹೋದವು.

ಬಿರುಬೇಸಿಗೆಯಲ್ಲಿ ಬಳಕೆ ಪ್ರಮಾಣಪತ್ರಕ್ಕಾಗಿ ಮತ್ತೆ ಹೋದೆ. ನೆರವು ಹೇಳಿದ ಕೆಲಸಕ್ಕೇ ಬಳಕೆಯಾಯಿತೆಂದು ಉಪಯೋಗ ಪಡೆದವರು ಸಹಿ ಹಾಕಿಕೊಡುವ ಕಾಗದ ಅದು. ಸಹಿ ಕೆಂಪಮ್ಮನದೇ ಆಗಬೇಕೆಂದು ನನ್ನ ಆಸೆ. ಎದುರಿಗೆ ಬಂದ ಸರೋಜಮ್ಮ ತುಟಿಯ ಮೇಲೆ ಬೆರಳಿಟ್ಟರು. ಜಗಲಿಯ ಮೇಲೆ ಕೆಂಪಮ್ಮ ಮಲಗಿದ್ದರು. ಬೆರಳಲ್ಲಿ ದಾರ ಕತ್ತರಿಸುವ ಕತ್ತರಿ ಹಾಗೇ ಇತ್ತು, ಮುಖದ ಮೇಲೆ ನೀಲಿ, ಕೆಂಪು, ನೀಲಿ ತೂಗುತ್ತಿತ್ತು. ಎದೆ ಸಮನಾಗಿ ಏರಿಳಿಯುವುದನ್ನು ನೋಡಿಯೇ ನನಗೆ ಉಸಿರು ಬಂತು.

“ಹಗಲೊತ್ತು ಇಂಗೆ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ. ಎಬ್ಬಿಸ್ಲಾ ಮೇಡಂ?”

“ಬೇಡ, ಬಿಡಮ್ಮ.”

ಜನ ಕೊಟ್ಟದ್ದನ್ನು ಬಿಚ್ಚಿ ನೋಡದೆ ‘ಕೊಟ್ಟಿಲ್ಲ’ ಎಂದು ಬರೆಯಬಾರದು. ನನ್ನ ಕೆಲಸ ಕಲಿಸಿದ ಪಾಠ ಇದೊಂದೇ, ಅದೂ ತಡವಾಗಿ. ಆ ಪ್ರಮಾಣಪತ್ರವನ್ನು ಸಹಿಯಿಲ್ಲದೆ ಫೈಲಿಗೆ ಹಾಕಿದೆ. ಸಹಿಯ ಜಾಗದಲ್ಲಿ ನನ್ನ ಕೈಯಿಂದಲೇ ಬರೆದೆ: ‘ಫಲಾನುಭವಿ ನಿದ್ದೆಯಲ್ಲಿದ್ದಾರೆ.’